ಕುಟುಂಬದ ವ್ಯಾಪಾರವೂ ಕಡಲಾಚೆಯ ಮಾರುಕಟ್ಟೆಯೂ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ನಡೆದ ಶ್ರಾವಕಗೋಷ್ಠಿಯ ಭಾಷಣ)

  

ಪಂಚಕಲ್ಯಾಣದ ಮಂಗಳವಾದ್ಯಗಳ ನಡುವೆ ಲಾಭನಷ್ಟದ ಮಾತೇಕೆ ಎಂದು ಕೆಲವರಿಗೆ ತೋರಬಹುದು. ಆದರೆ ಬಸದಿಯ ಚರಿತ್ರೆಯನ್ನು ಅದರ ಕಲ್ಲುಗಳೇ ಹೇಳುತ್ತವೆ. ಅರಸರು ಕಟ್ಟಿಸಿದುದೆಷ್ಟೋ ಅಷ್ಟನ್ನೇ ವರ್ತಕರೂ ಕಟ್ಟಿಸಿದ್ದಾರೆ; ಅರಸರು ಅಳಿದ ಮೇಲೆ ದೀಪಕ್ಕೆ ಎಣ್ಣೆ ಎರೆದವರು ಬಹುಮಟ್ಟಿಗೆ ವರ್ತಕರೇ. ಶ್ರವಣಬೆಳಗೊಳದ ಮಾಣಿಕ್ಯವ್ಯಾಪಾರಿಗಳು ಗೊಮ್ಮಟದೇವರ ಹೂವಿನ ಪೂಜೆಗೆಂದು ದತ್ತಿ ಬಿಟ್ಟ ಸಂಗತಿಯನ್ನು ಅಲ್ಲಿನ ಶಾಸನಗಳು ಸಾರುತ್ತಿವೆ. ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರ ವರ್ತಕಸಂಘದ ಶಾಸನವೊಂದು ದೂರದ ಸುಮಾತ್ರಾ ದ್ವೀಪದಲ್ಲಿ ದೊರೆತಿದೆ. ಅದರ ಕಾಲ ಕ್ರಿ.ಶ. 1088. ಗೇರುಸೊಪ್ಪೆಯಲ್ಲಿ ಆಳಿದ ಜೈನರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಆದುದರಿಂದ ಕಡಲಾಚೆಯ ವ್ಯಾಪಾರವೆಂಬುದು ಜೈನ ಸಮಾಜಕ್ಕಾಗಲಿ ಕನ್ನಡನಾಡಿಗಾಗಲಿ ಹೊಸತಲ್ಲ.

ಹೊಸತಾದ ಪ್ರಶ್ನೆ ಬೇರೆಯಿದೆ. ಅಣ್ಣತಮ್ಮಂದಿರು ಕೂಡಿ ನಡೆಸುವ ಒಂದು ಮನೆಯ ವ್ಯಾಪಾರ, ಸಾವಿರಾರು ಕೋಟಿ ಬಂಡವಾಳದ ಜಗತ್ತಿನ ಕಂಪೆನಿಗಳ ಎದುರಿನಲ್ಲಿ ಹೇಗೆ ನಿಲ್ಲಬಲ್ಲದು? ನಿಂತು, ಹೇಗೆ ಬೆಳೆಯಬಲ್ಲದು? ಬೆಳೆದ ಮೇಲೆ, ಎಲ್ಲಿ ನಿಲ್ಲಬೇಕೆಂಬುದನ್ನು ಅದಕ್ಕೆ ಹೇಳುವವರಾರು? ಈ ಮೂರು ಪ್ರಶ್ನೆಗಳಿಗೂ ಉತ್ತರವನ್ನು ಕಲ್ಪನೆಯಲ್ಲಿ ಹುಡುಕಬೇಕಾದುದಿಲ್ಲ. ಗುಜರಾತಿನ ಪಾಲನ್‌ಪುರದ ಜೈನ ಕುಟುಂಬಗಳ ವಜ್ರವ್ಯಾಪಾರದ ಕಥೆಯೇ ಅದಕ್ಕೆ ಉತ್ತರವಾಗಿದೆ. ಅವರು ಶ್ವೇತಾಂಬರ ಆಮ್ನಾಯದವರು. ಆದರೆ ಗೃಹಸ್ಥನ ಅಣುವ್ರತಗಳ ವಿಷಯದಲ್ಲಿ ಉಭಯ ಆಮ್ನಾಯಗಳ ದಾರಿ ಒಂದೇ ಆದುದರಿಂದ, ಅವರ ಏಳುಬೀಳುಗಳು ಇಲ್ಲಿನ ಶ್ರಾವಕರಿಗೂ ಪಾಠವೇ ಸರಿ.

ಪಾಲನ್‌ಪುರವು ಉತ್ತರ ಗುಜರಾತಿನ ಬನಾಸ್‌ಕಾಂಠಾ ಜಿಲ್ಲೆಯ ಊರು. ಹಿಂದೆ ನವಾಬರ ಚಿಕ್ಕ ಸಂಸ್ಥಾನದ ರಾಜಧಾನಿ. ರಾಜಸ್ಥಾನದ ಗಡಿಗೆ ಹತ್ತಿರದ ಬರಡು ಸೀಮೆ. ಅಲ್ಲಿ ವಜ್ರದ ಗಣಿಯೂ ಇಲ್ಲ, ಬಂದರೂ ಇಲ್ಲ. ಹೊಟ್ಟೆಪಾಡಿಗೆ ಮುಂಬಯಿಗೆ ಬಂದ ಅಲ್ಲಿನ ಜೈನರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮುತ್ತು ರತ್ನಗಳ ವ್ಯಾಪಾರದಲ್ಲಿ ತೊಡಗಿದರು. ಆಗ ಪರ್ಷಿಯಾ ಕೊಲ್ಲಿಯ ಮುತ್ತಿಗೆ ಮುಂಬಯಿಯೇ ದೊಡ್ಡ ಪೇಟೆ. ಆದರೆ ಜಪಾನಿನ ಮಿಕಿಮೊಟೊ ಕೊಕಿಚಿ ಎಂಬಾತನ ಪ್ರಯತ್ನದಿಂದ ಸಾಕಿದ ಮುತ್ತು ಮಾರುಕಟ್ಟೆಗೆ ಬಂದು, ಅದರ ಹಿಂದೆಯೇ 1929ರ ಜಾಗತಿಕ ಆರ್ಥಿಕ ಕುಸಿತವೂ ಬಂದೆರಗಿದಾಗ, ಕೊಲ್ಲಿಯ ಮುತ್ತಿನ ಬೆಲೆ ಪಾತಾಳ ಕಂಡಿತು. ಪೀಳಿಗೆಗಳಿಂದ ಕಲಿತ ವಿದ್ಯೆ ಕೆಲವೇ ವರ್ಷಗಳಲ್ಲಿ ಬೆಲೆಯಿಲ್ಲದಾಯಿತು. ಆ ಕಷ್ಟದಲ್ಲಿ ಹಲವು ಮನೆಗಳು ವಜ್ರದ ಕಡೆಗೆ ತಿರುಗಿದವು. ಸರಕು ಬೇರೆಯಾದರೂ ಕಣ್ಣು ಅದೇ, ಪೊಟ್ಟಣ ಅದೇ, ಮಾತಿನ ಮೇಲಣ ನಂಬಿಕೆಯೂ ಅದೇ.

ವಜ್ರವೆಂದರೆ ಒಂದು ಕಾಲಕ್ಕೆ ಭಾರತವೇ ಆಗಿತ್ತು. ಗೋಲ್ಕೊಂಡದ ಹೆಸರು ಯೂರೋಪಿನಲ್ಲಿ ಐಶ್ವರ್ಯಕ್ಕೆ ಪರ್ಯಾಯಪದವಾಗಿತ್ತು. 1720ರ ದಶಕದಲ್ಲಿ ಬ್ರೆಜಿಲ್ ದೇಶದಲ್ಲಿಯೂ 1867ರಲ್ಲಿ ದಕ್ಷಿಣ ಆಫ್ರಿಕದಲ್ಲಿಯೂ ವಜ್ರ ಸಿಕ್ಕಿದ ತರುವಾಯ ಭಾರತದ ಗಣಿಗಳು ಹಿಂದೆ ಬಿದ್ದವು. ಕಚ್ಚಾ ವಜ್ರದ ಮಾರಾಟವು ಡಿ ಬಿಯರ್ಸ್ ಸಂಸ್ಥೆಯ ಹಿಡಿತಕ್ಕೆ ಹೋಯಿತು. ವರ್ಷಕ್ಕೆ ಹತ್ತು ಬಾರಿ, ಆಯ್ದ ಕೆಲವೇ ವರ್ತಕರಿಗೆ, ಲಂಡನ್ನಿನ ಕಚೇರಿಯಲ್ಲಿ ಪೆಟ್ಟಿಗೆಗಳನ್ನು ತೋರಿಸಿ ಮಾರುವ ಪದ್ಧತಿ ಆಗ ಅವರದಾಗಿತ್ತು. ಬೆಲೆ ಅವರು ಹೇಳಿದುದು. ಪೆಟ್ಟಿಗೆಯನ್ನು ಇಡಿಯಾಗಿ ಕೊಳ್ಳಬೇಕು, ಇಲ್ಲವೇ ಬಿಡಬೇಕು. ಕಚ್ಚಾ ಹರಳನ್ನು ಸಾಣೆ ಹಿಡಿಯುವ ಕೆಲಸ ಬೆಲ್ಜಿಯಮ್ಮಿನ ಆಂಟ್ವೆರ್ಪ್, ಇಸ್ರೇಲಿನ ಟೆಲ್ ಅವೀವ್, ಅಮೆರಿಕದ ನ್ಯೂಯಾರ್ಕ್ ನಗರಗಳಲ್ಲಿ ನಡೆಯುತ್ತಿತ್ತು. ಶತಮಾನಗಳ ಅನುಭವವಿದ್ದ ಯೆಹೂದ್ಯ ಮನೆತನಗಳು ಅಲ್ಲಿ ಭದ್ರವಾಗಿ ನೆಲೆಯೂರಿದ್ದವು. ಅಂತಹ ಕೋಟೆಯೊಳಕ್ಕೆ ಪಾಲನ್‌ಪುರದವರು ಹೊಕ್ಕ ಬಾಗಿಲು ಯಾವುದು?

ಉಳಿದವರು ಬೇಡವೆಂದು ಬದಿಗೆ ಸರಿಸಿದ ಸಣ್ಣ ಹರಳೇ ಆ ಬಾಗಿಲು. ಒಂದು ಕ್ಯಾರಟ್ ಎಂದರೆ 200 ಮಿಲಿಗ್ರಾಂ. ಅದರ ಐವತ್ತನೆಯ ಒಂದು ಪಾಲು, ಎಂದರೆ 4 ಮಿಲಿಗ್ರಾಂ ತೂಗುವ ಹರಳಿಗೂ ಪೂರ್ಣ ರೂಪ ಕೊಡಬೇಕಾದರೆ ಐವತ್ತೇಳು ಐವತ್ತೆಂಟು ಮುಖಗಳನ್ನು ಕೊರೆಯಬೇಕು. ಆಂಟ್ವೆರ್ಪಿನಲ್ಲಿ ಆ ಕೆಲಸದ ಕೂಲಿಯೇ ಹರಳಿನ ಬೆಲೆಯನ್ನು ಮೀರುತ್ತಿತ್ತು. ಆದುದರಿಂದ ಸಣ್ಣ, ಕಂದುಬಣ್ಣದ, ಒಡಲಲ್ಲಿ ಕಲೆಯಿದ್ದ ಕಲ್ಲುಗಳು ಆಭರಣಕ್ಕೆ ಬಾರದೆ ಕೈಗಾರಿಕೆಯ ಉಪಯೋಗಕ್ಕೆ ಹೋಗುತ್ತಿದ್ದವು. ಪಾಲನ್‌ಪುರದ ವರ್ತಕರು ಅಂತಹ ಕಲ್ಲನ್ನೇ ಕೊಂಡು ಸೂರತ್ತಿಗೆ ಕಳುಹಿಸಿದರು. ಸಾಣೆಯ ಚಕ್ರದ ಸುತ್ತ ಕುಳಿತ ಸೂರತ್ತಿನ ಕುಶಲಕರ್ಮಿಗಳು ಅದಕ್ಕೆ ಬೆಳಕು ತಂದರು. ಭಾರತ ಸರಕಾರವು ರಫ್ತಿನ ಮೌಲ್ಯಕ್ಕೆ ಅನುಗುಣವಾಗಿ ಕಚ್ಚಾ ವಜ್ರದ ಆಮದಿಗೆ ಪರವಾನಿಗೆ ಕೊಡುವ ಪದ್ಧತಿಯನ್ನು ತಂದುದೂ, 1966ರಲ್ಲಿ ರತ್ನಾಭರಣ ರಫ್ತು ಪ್ರೋತ್ಸಾಹಕ ಮಂಡಲಿಯು ಸ್ಥಾಪಿತವಾದುದೂ ಅವರಿಗೆ ಅನುಕೂಲವಾಯಿತು.

ಹೀಗೆ ಅಗ್ಗವಾದ ಸಣ್ಣ ವಜ್ರ ಬಂದೊಡನೆ ಅದನ್ನು ಕೊಳ್ಳುವ ಹೊಸ ಜನವೂ ಹುಟ್ಟಿಕೊಂಡರು. ಅಮೆರಿಕದ ಸಾಮಾನ್ಯ ಸಂಬಳದ ಗೃಹಸ್ಥನೂ ಮಡದಿಗೊಂದು ವಜ್ರದ ಉಂಗುರ ಕೊಳ್ಳುವಂತಾಯಿತು. 1980ರ ದಶಕದಲ್ಲಿ ಆಸ್ಟ್ರೇಲಿಯದ ಆರ್ಗೈಲ್ ಗಣಿಯಿಂದ ಸಣ್ಣ ಕಂದುಹರಳುಗಳ ಪ್ರವಾಹವೇ ಹರಿದಾಗ ಅದನ್ನು ಸಾಣೆ ಹಿಡಿಯುವ ಶಕ್ತಿ ಇದ್ದುದು ಭಾರತಕ್ಕೆ ಮಾತ್ರ. ಆ ಗಣಿ 2020ರಲ್ಲಿ ಮುಚ್ಚಿತು. ಆದರೆ ಇಂದಿಗೂ ಜಗತ್ತಿನಲ್ಲಿ ಸಾಣೆಯಾಗುವ ಹತ್ತು ಹರಳುಗಳಲ್ಲಿ ಒಂಬತ್ತಕ್ಕೆ ಕಡಿಮೆಯಿಲ್ಲದಷ್ಟು ಭಾರತೀಯರ ಕೈಯಲ್ಲೇ ಹೊಳಪು ಪಡೆಯುತ್ತವೆ. ಬಲಾಢ್ಯರೊಡನೆ ಸೆಣಸುವ ಚಿಕ್ಕ ಮನೆಗೆ ಇದು ಮೊದಲ ಪಾಠ: ಅವರು ಗೆದ್ದಿರುವ ಅಂಗಳದಲ್ಲಿ ಹೋರಾಡದೆ, ಅವರು ಕಾಲಿಡಲೊಲ್ಲದ ಮೂಲೆಯಲ್ಲಿ ಬೇರೂರಬೇಕು.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಈ ಗೆಲುವಿನಲ್ಲಿ ವರ್ತಕನ ಜಾಣ್ಮೆ ಎಷ್ಟಿದೆಯೋ ಸೂರತ್ತಿನ ಕೆಲಸಗಾರನ ಕಡಿಮೆ ಕೂಲಿಯೂ ಅಷ್ಟೇ ಇದೆ. 2008ರ ಕೊನೆಯಲ್ಲಿ ಅಮೆರಿಕದ ಆರ್ಥಿಕ ಕುಸಿತದಿಂದ ಬೇಡಿಕೆ ಇಳಿದಾಗ, ಬಾಗಿಲು ಮುಚ್ಚಿದ ಕಾರ್ಖಾನೆಗಳ ಸಾವಿರಾರು ಕುಶಲಕರ್ಮಿಗಳು ಬರಿಗೈಯಲ್ಲಿ ಸೌರಾಷ್ಟ್ರದ ತಮ್ಮ ಹಳ್ಳಿಗಳಿಗೆ ಮರಳಬೇಕಾಯಿತು. ಲಾಭದ ಕಾಲದಲ್ಲಿ ದುಡಿದ ಕೈಗಳನ್ನು ನಷ್ಟದ ಕಾಲದಲ್ಲಿ ನೆನೆಯದ ವ್ಯಾಪಾರವನ್ನು ಅಹಿಂಸಾಧರ್ಮಿಯ ವ್ಯಾಪಾರವೆಂದು ಕರೆಯುವುದು ಕಷ್ಟ.

ಇನ್ನು ಎರಡನೆಯ ವಿಷಯ, ಕುಟುಂಬವು ದೇಶದೇಶಗಳಿಗೆ ಹರಡಿದ ಬಗೆ. ಒಂದು ಮನೆಯಲ್ಲಿ ನಾಲ್ವರು ಸೋದರರಿದ್ದಾರೆ ಎಂದಿಟ್ಟುಕೊಳ್ಳಿ. ಹಿರಿಯವನು ಮುಂಬಯಿಯ ಪೇಢಿಯಲ್ಲಿ ಕುಳಿತು ಹಣಕಾಸನ್ನೂ ಹರಳುಗಳ ವಿಂಗಡಣೆಯನ್ನೂ ನೋಡುತ್ತಾನೆ. ಎರಡನೆಯವನು ಸೂರತ್ತಿನ ಸಾಣೆಯ ಕೆಲಸವನ್ನು ವಹಿಸಿಕೊಳ್ಳುತ್ತಾನೆ. ಮೂರನೆಯವನು ಆಂಟ್ವೆರ್ಪಿನಲ್ಲಿ ನೆಲೆಸಿ ಕಚ್ಚಾ ಹರಳು ಕೊಳ್ಳುತ್ತಾನೆ. ಕಿರಿಯವನು ನ್ಯೂಯಾರ್ಕ್ ಅಥವಾ ಹಾಂಗ್‌ಕಾಂಗಿನಲ್ಲಿ ಮಾರುತ್ತಾನೆ. ಸೋದರರು ಸಾಲದಾದಾಗ ಚಿಕ್ಕಪ್ಪನ ಮಕ್ಕಳು, ಭಾವಮೈದುನರು, ಅಳಿಯಂದಿರು ಸೇರುತ್ತಾರೆ. ವಜ್ರದಂತಹ ಸರಕಿಗೆ ಈ ಏರ್ಪಾಡೇ ಯೋಗ್ಯ. ಒಂದು ಸಣ್ಣ ಪೊಟ್ಟಣದಲ್ಲಿ ಲಕ್ಷಾಂತರ ರೂಪಾಯಿಯ ಮಾಲು ಹಿಡಿಯುತ್ತದೆ. ಒಂದು ಹರಳಿನ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಪರರಿಗೆ ತಿಳಿಯುವುದು ಕಷ್ಟ. ಬಣ್ಣ, ಗಾತ್ರ, ಆಕಾರ, ಶುದ್ಧತೆಗಳಿಂದ ಹರಳುಗಳು ಸಾವಿರಾರು ಬಗೆಯಾಗಿ ಒಡೆಯುತ್ತವೆ. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಕಣ್ಣುಗಾಜನ್ನು ಹಿಡಿದು ಎಳೆಯ ಪ್ರಾಯದಿಂದಲೇ ತಂದೆಯ ಪಕ್ಕದಲ್ಲಿ ಕುಳಿತವನಿಗೆ ಆ ಕಣ್ಣು ಬರುತ್ತದೆ. ಕಾವಲಿಗೆ ಬೇರೊಬ್ಬನನ್ನು ನೇಮಿಸುವ ಖರ್ಚು ಆ ಮನೆಗೆ ಇಲ್ಲ. ದೊಡ್ಡ ಕಂಪೆನಿಯು ಹಣ ಕೊಟ್ಟು ಕೊಳ್ಳಬೇಕಾದ ನಂಬಿಕೆ ಕುಟುಂಬಕ್ಕೆ ಹುಟ್ಟಿನಿಂದಲೇ ಬಂದಿರುತ್ತದೆ.

ಆ ನಂಬಿಕೆ ಮನೆಯ ಹೊಸಿಲನ್ನು ದಾಟಿ ಪೇಟೆಗೂ ಹಬ್ಬಿತ್ತು. ಮುಂಬಯಿಯಲ್ಲಿ ಜಂಗಡ್ ಎಂಬ ಪದ್ಧತಿಯಿದೆ. ವರ್ತಕನು ತನ್ನ ಹರಳಿನ ಪೊಟ್ಟಣವನ್ನು ದಲಾಲನಿಗೋ ಇನ್ನೊಬ್ಬ ವರ್ತಕನಿಗೋ ಒಂದು ಚೀಟಿಯ ಮೇಲೆ ಕೊಡುತ್ತಾನೆ. ಮಾಲು ಇನ್ನೂ ಮಾರಾಟವಾಗಿಲ್ಲ, ನೋಡಲು ಕೊಟ್ಟಿದೆ ಎಂದಷ್ಟೇ ಆ ಚೀಟಿಯ ಅರ್ಥ. ಮೆಚ್ಚಿದರೆ ಹಣ, ಇಲ್ಲವಾದರೆ ಮಾಲು ಮರಳಿ ಬರುತ್ತದೆ. ಮುಂಬಯಿ ಸೂರತ್ತುಗಳ ನಡುವೆ ಪೊಟ್ಟಣಗಳನ್ನು ಒಯ್ಯುವವರು ಆಂಗಡಿಯಾಗಳೆಂಬ ದೂತರು. ಆಂಟ್ವೆರ್ಪಿನಲ್ಲಿಯೂ ಇಂತಹುದೇ ರೂಢಿಯಿತ್ತು. ಅಲ್ಲಿ ವ್ಯವಹಾರ ಕುದುರಿದಾಗ ಇಬ್ಬರೂ ಕೈ ಕುಲುಕಿ ‘ಮಜಲ್’ ಎಂಬ ಹೀಬ್ರೂ ಮಾತನ್ನು ಆಡುತ್ತಾರೆ. ಶುಭವಾಗಲಿ ಎಂಬುದು ಅದರ ಭಾವ. ಆ ಮಾತು ಹೊರಬಿದ್ದಿತೆಂದರೆ ಕರಾರು ಮುಗಿದಂತೆ. ಬೇರೆ ಧರ್ಮ, ಬೇರೆ ಭಾಷೆ, ಬೇರೆ ಖಂಡದ ಎರಡು ಸಮಾಜಗಳು ಮೊದಲ ಭೇಟಿಯಲ್ಲೇ ಒಂದರ ನಡೆಯನ್ನು ಇನ್ನೊಂದು ಅರಿತುಕೊಳ್ಳಲು ಇದೇ ಕಾರಣ. ಎರಡರಲ್ಲಿಯೂ ಆಡಿದ ಮಾತೇ ಮೂಲಧನವಾಗಿತ್ತು.

ಆಂಟ್ವೆರ್ಪಿಗೆ ಹೋದ ಮೊದಲಿಗರ ಬಾಳು ಸುಲಭವಾಗಿರಲಿಲ್ಲ. ಕೇಂದ್ರ ರೈಲು ನಿಲ್ದಾಣದ ಪಕ್ಕದ ಕೆಲವೇ ಬೀದಿಗಳಲ್ಲಿ ಆ ನಗರದ ವಜ್ರದ ಪೇಟೆಯೆಲ್ಲ ಅಡಕವಾಗಿದೆ. ಅಲ್ಲಿನ ಆಡುಮಾತು ಫ್ಲೆಮಿಶ್. ಪೇಟೆಯ ಮಾತು ಯಿಡ್ಡಿಶ್, ಫ್ರೆಂಚ್, ಇಂಗ್ಲಿಷ್. ಚಳಿಗಾಲದಲ್ಲಿ ಅಲ್ಲಿ ಸಂಜೆ ನಾಲ್ಕೂವರೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಬೇಸಗೆಯಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ರಾತ್ರಿಭೋಜನ ತ್ಯಾಗದ ನಿಯಮವುಳ್ಳ ಶ್ರಾವಿಕೆಯು ಡಿಸೆಂಬರ್ ತಿಂಗಳಲ್ಲಿ ಅಂಗಡಿಯಿಂದ ಗಂಡ ಬರುವ ಮುನ್ನವೇ ಅಡಿಗೆ ಮುಗಿಸಿ ಕಾಯಬೇಕಾದ ಕಷ್ಟವನ್ನು ಯಾವ ಲೆಕ್ಕಪುಸ್ತಕವೂ ಬರೆದಿಲ್ಲ. ಕುಟುಂಬದ ವ್ಯಾಪಾರವು ಪರದೇಶದಲ್ಲಿ ಬೇರೂರಿದುದರಲ್ಲಿ ಇಂತಹ ಮನೆಯೊಡತಿಯರ ಪಾಲು ಪೇಢಿಯಲ್ಲಿ ಕುಳಿತವರ ಪಾಲಿಗಿಂತ ಕಡಿಮೆಯಲ್ಲ. ಊಟ, ಪಾಠ, ಪೂಜೆಗಳ ಏರ್ಪಾಡು ಇಲ್ಲದೆಡೆ ಯಾವ ಮನೆಯೂ ಎರಡನೆಯ ಪೀಳಿಗೆಯವರೆಗೆ ನಿಲ್ಲದು.

ಆ ಜನ ನಿಂತರು. ಬರಬರುತ್ತ ಆಂಟ್ವೆರ್ಪಿನ ವಜ್ರವ್ಯಾಪಾರದ ಹೆಚ್ಚಿನ ಪಾಲು ಭಾರತೀಯರ ಕೈಗೆ ಬಂದಿತು. ಅಲ್ಲಿ ನೆಲೆಸಿದ ಭಾರತೀಯ ವಜ್ರವ್ಯಾಪಾರಿ ದಿಲೀಪ್ ಮೆಹತಾ ಅವರಿಗೆ ಬೆಲ್ಜಿಯಮ್ಮಿನ ಅರಸರು ಬ್ಯಾರನ್ ಎಂಬ ಪದವಿಯನ್ನಿತ್ತು ಗೌರವಿಸಿದರು. 2010ರಲ್ಲಿ ಆಂಟ್ವೆರ್ಪಿನ ವಿಲ್‌ರೈಕ್ ಎಂಬಲ್ಲಿ ಅಮೃತಶಿಲೆಯ ಜಿನಾಲಯದ ಪ್ರತಿಷ್ಠೆ ನೆರವೇರಿತು. ಮುತ್ತಿನ ವ್ಯಾಪಾರಕ್ಕಾಗಿ ಜಪಾನಿನ ಕೋಬೆ ನಗರಕ್ಕೆ ಹೋದ ಜೈನರು ಅಲ್ಲಿ 1985ರಲ್ಲಿಯೇ ಮಹಾವೀರಸ್ವಾಮಿಯ ಮಂದಿರವನ್ನು ಕಟ್ಟಿದ್ದರು. ಯಾವ ಸಾಕಿದ ಮುತ್ತು ತಾತಂದಿರ ವ್ಯಾಪಾರವನ್ನು ಮುಳುಗಿಸಿತೋ, ಅದೇ ಮುತ್ತಿನ ನಾಡಿನಲ್ಲಿ ಆ ಸಮಾಜದವರು ಅದನ್ನೇ ಮಾರಿ ಬದುಕು ಕಟ್ಟಿಕೊಂಡುದು ಮನನಯೋಗ್ಯ ಸಂಗತಿ.

ಆದರೆ ಗೆದ್ದವರಿಗೂ ಪ್ರತಿಸ್ಪರ್ಧಿಗಳು ಹುಟ್ಟುತ್ತಾರೆ. ಸೂರತ್ತಿನ ಸಾಣೆಯ ಚಕ್ರದ ಮುಂದೆ ಕುಳಿತವರಲ್ಲಿ ಸೌರಾಷ್ಟ್ರದ ಭಾವನಗರ, ಅಮರೇಲಿ ಜಿಲ್ಲೆಗಳಿಂದ ಬಂದ ಪಟೇಲ್ ಸಮಾಜದ ರೈತಮಕ್ಕಳೇ ಬಹುಮಂದಿ. ಪಾಲನ್‌ಪುರದ ವರ್ತಕರಿಗೆ ಮಾಲನ್ನು ನೋಡುವ ಕಣ್ಣಿತ್ತು. ಇವರಿಗೆ ಅದನ್ನು ಕೊರೆಯುವ ಕೈಯಿತ್ತು. ಕೂಲಿಯವನು ಮೇಸ್ತ್ರಿಯಾದನು, ಮೇಸ್ತ್ರಿಯು ಕಾರ್ಖಾನೆಯ ಒಡೆಯನಾದನು, ಒಡೆಯನು ರಫ್ತುದಾರನಾದನು. ಇಂದು ಜಗತ್ತಿನ ದೊಡ್ಡ ವಜ್ರಸಂಸ್ಥೆಗಳಲ್ಲಿ ಹಲವು ಅವರವು. ಅವೂ ಕುಟುಂಬದ ಸಂಸ್ಥೆಗಳೇ. ಲೆಕ್ಕದ ಗದ್ದುಗೆಯಲ್ಲಿಯೇ ಕುಳಿತು ಕೈಕೆಲಸವನ್ನು ಪರರಿಗೆ ಬಿಟ್ಟ ಮನೆ, ಕೆಲಸ ಬಲ್ಲವನಿಗೆ ಒಂದು ದಿನ ದಾರಿ ಬಿಡಲೇಬೇಕಾಗುತ್ತದೆ. ಮಗನಿಗೆ ಗಲ್ಲೆಯ ಕೀಲಿಕೈ ಕೊಡುವ ಮುನ್ನ ಸಾಣೆಯ ಚಕ್ರದ ಮುಂದೆ ಕೂರಿಸಬೇಕೆಂಬುದು ಎರಡನೆಯ ಪಾಠ.

ಕುಟುಂಬದ ಬಲಕ್ಕೆ ಇನ್ನೊಂದು ಮಿತಿಯೂ ಇದೆ. ಪೊಟ್ಟಣದಲ್ಲಿ ಹಿಡಿಯುವ ಸರಕಿಗೆ ಸೋದರರು ಸಾಕು, ಹಡಗಿಗೆ ಸಾಲರು. ಸೊಲ್ಲಾಪುರದ ದಿಗಂಬರ ಜೈನ ಮನೆತನದಲ್ಲಿ 1882ರಲ್ಲಿ ಜನಿಸಿದ ವಾಲ್‌ಚಂದ್ ಹೀರಾಚಂದರ ಬಾಳು ಇದಕ್ಕೆ ನಿದರ್ಶನ. ಲೇವಾದೇವಿ ಮತ್ತು ಹತ್ತಿಯ ವ್ಯಾಪಾರ ಅವರ ಮನೆಯ ಕಸುಬು. ಮೊದಲ ಮಹಾಯುದ್ಧ ಮುಗಿದಾಗ ಭಾರತದ ಸಾಗರವ್ಯಾಪಾರವೆಲ್ಲ ಬ್ರಿಟಿಷ್ ಕಂಪೆನಿಗಳ ವಶದಲ್ಲಿತ್ತು. ವಾಲ್‌ಚಂದರು ನರೋತ್ತಮ ಮೊರಾರ್ಜಿ ಮೊದಲಾದವರೊಡನೆ ಕೂಡಿ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪೆನಿಯನ್ನು ಸ್ಥಾಪಿಸಿದರು. ಆ ಕಂಪೆನಿಯ ‘ಲಾಯಲ್ಟಿ’ ಎಂಬ ಹಡಗು 1919ರ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ಭಾರತವು 1964ರಿಂದ ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸುತ್ತಿದೆ. ಬ್ರಿಟಿಷ್ ಕಂಪೆನಿಗಳು ಸಾಗಣೆಯ ದರವನ್ನು ಇಳಿಸಿ ಹೊಸಬರನ್ನು ಮುಳುಗಿಸಲು ಯತ್ನಿಸಿದವು. ಆ ಪೆಟ್ಟನ್ನು ತಡೆದುಕೊಳ್ಳಲು ಒಂದು ಮನೆಯ ಗಂಟು ಸಾಲುತ್ತಿರಲಿಲ್ಲ. ಅನ್ಯ ಸಮಾಜಗಳ ಪಾಲುದಾರರೂ ಸಾರ್ವಜನಿಕರ ಷೇರು ಹಣವೂ ಜೊತೆಗಿದ್ದುದರಿಂದಲೇ ಆ ಕಂಪೆನಿ ಬದುಕಿತು. ಅದೇ ವಾಲ್‌ಚಂದರು 1940ರ ಡಿಸೆಂಬರ್‌ನಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಆರಂಭಿಸಿದ ಸಂಗತಿ ಕನ್ನಡಿಗರಿಗೆ ತಿಳಿದದ್ದೇ. ಮನೆಯ ಶಕ್ತಿಗೆ ಮೀರಿದ ಕಾರ್ಯಕ್ಕೆ ಮನೆಯ ಹೊರಗಿನವರನ್ನು ಸಮಾನರಾಗಿ ಕೂಡಿಸಿಕೊಳ್ಳಬೇಕೆಂಬುದು ಮೂರನೆಯ ಪಾಠ.

ಇಷ್ಟು ಏಳಿಗೆಯ ಮಾತಾಯಿತು. ಬೀಳಿನ ಮಾತೂ ಆಗಬೇಕು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಶ್ರಾವಕನ ವ್ರತಗಳಿಗೆ ತಗಲುವ ಅತಿಚಾರಗಳನ್ನು ಎಣಿಸುತ್ತದೆ. ಅಚೌರ್ಯವ್ರತದ ಅತಿಚಾರಗಳಲ್ಲಿ ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಖೋಟಾ ವಸ್ತುವನ್ನು ನಿಜವೆಂದು ನಡೆಸುವುದು ಇವು ಸೇರಿವೆ. ಸತ್ಯವ್ರತದ ಅತಿಚಾರಗಳಲ್ಲಿ ಕೂಟಲೇಖ, ಎಂದರೆ ಸುಳ್ಳು ಪತ್ರ ಬರೆಯುವುದು, ಮತ್ತು ನ್ಯಾಸಾಪಹಾರ, ಎಂದರೆ ನಂಬಿ ಇಟ್ಟ ಒಡವೆಯನ್ನು ನುಂಗುವುದು ಸೇರಿವೆ. ಇಟ್ಟವನು ಲೆಕ್ಕ ಮರೆತು ಕಡಿಮೆ ಕೇಳಿದಾಗ ಸುಮ್ಮನೆ ಅಷ್ಟನ್ನೇ ಕೊಟ್ಟು ಕಳುಹಿಸುವುದೂ ನ್ಯಾಸಾಪಹಾರವೇ. ಆಚಾರ್ಯರು ಇವನ್ನು ಎಣಿಸಿದಾಗ ಬ್ಯಾಂಕೂ ಇರಲಿಲ್ಲ, ವಿದೇಶ ವಿನಿಮಯವೂ ಇರಲಿಲ್ಲ. ಆದರೂ ಇಂದಿನ ಜಾಗತಿಕ ವ್ಯಾಪಾರದ ದೋಷಗಳಿಗೆ ಈ ಪಟ್ಟಿ ಕನ್ನಡಿ ಹಿಡಿದಂತಿದೆ.

ಕದ್ದ ಮಾಲಿನ ಪ್ರಶ್ನೆಯನ್ನೇ ನೋಡಬಹುದು. 1990ರ ದಶಕದಲ್ಲಿ ಅಂಗೋಲಾ, ಸಿಯೆರಾ ಲಿಯೋನ್ ಮೊದಲಾದ ಆಫ್ರಿಕದ ದೇಶಗಳಲ್ಲಿ ದಂಗೆಕೋರರು ಗಣಿಗಳನ್ನು ಹಿಡಿದು, ವಜ್ರ ಮಾರಿದ ಹಣದಿಂದ ಶಸ್ತ್ರ ಕೊಂಡು, ಲೆಕ್ಕವಿಲ್ಲದಷ್ಟು ಜನರ ಪ್ರಾಣಹಾನಿಗೆ ಕಾರಣರಾದರು. ಹರಳಿನ ಮೇಲೆ ರಕ್ತದ ಕಲೆ ಕಾಣುವುದಿಲ್ಲ. ಹತ್ತು ಕೈ ದಾಟಿ ಪೇಟೆಗೆ ಬಂದ ಕಚ್ಚಾ ಕಲ್ಲು ಎಲ್ಲಿಯದೆಂದು ಯಾರೂ ಕೇಳುತ್ತಿರಲಿಲ್ಲ. ಜಗತ್ತು ಎಚ್ಚೆತ್ತು, ಕಚ್ಚಾ ವಜ್ರದ ಪ್ರತಿಯೊಂದು ರವಾನೆಗೂ ಸರಕಾರದ ಪ್ರಮಾಣಪತ್ರ ಬೇಕೆಂಬ ಕಿಂಬರ್ಲಿ ವ್ಯವಸ್ಥೆಯನ್ನು 2003ರಲ್ಲಿ ಜಾರಿಗೆ ತಂದಿತು. ಇರುವೆಯನ್ನು ತುಳಿಯಲು ಅಂಜುವ ಸಮಾಜವು ಈ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲು ಕೇಳಬೇಕಾಗಿತ್ತಲ್ಲವೇ ಎಂಬುದನ್ನು ಪ್ರತಿಯೊಬ್ಬ ಶ್ರಾವಕನೂ ತನ್ನೊಳಗೆ ವಿಚಾರಿಸಿಕೊಳ್ಳಬೇಕು. ಸರಕು ಶುದ್ಧವಾಗಿ ಕಂಡರೆ ಸಾಲದು, ಅದು ಬಂದ ದಾರಿಯೂ ಶುದ್ಧವಾಗಿರಬೇಕು.

ಇನ್ನು ಕೂಟಲೇಖದ ಮಾತು. 2018ರ ಆರಂಭದಲ್ಲಿ, ಮುಂಬಯಿಯ ವಜ್ರಾಭರಣ ವ್ಯಾಪಾರದ ಎರಡು ಹೆಸರಾಂತ ಉದ್ಯಮ ಸಮೂಹಗಳು ಸರಕಾರೀ ಬ್ಯಾಂಕೊಂದರ ಹೆಸರಿನಲ್ಲಿ ಅಕ್ರಮವಾಗಿ ಹೊಣೆಪತ್ರಗಳನ್ನು ಪಡೆದು, ಅವುಗಳ ಬಲದಿಂದ ವಿದೇಶಗಳಲ್ಲಿ ಸಾಲವೆತ್ತಿದವೆಂಬ ಆರೋಪ ಹೊರಬಿದ್ದಿತು. ಮೊತ್ತವು 13,000 ಕೋಟಿ ರೂಪಾಯಿಯನ್ನು ಮೀರಿತ್ತು. ಅದೇ ಮಾರ್ಚಿಯಲ್ಲಿ ರಿಸರ್ವ್ ಬ್ಯಾಂಕು ಅಂತಹ ಹೊಣೆಪತ್ರಗಳ ಪದ್ಧತಿಯನ್ನೇ ರದ್ದುಗೊಳಿಸಿತು. ಆರೋಪದ ತೀರ್ಮಾನ ನ್ಯಾಯಾಲಯಕ್ಕೆ ಸೇರಿದ್ದು. ಆದರೆ ಪೇಟೆಗೆ ತಗಲಿದ ಪೆಟ್ಟು ತೀರ್ಪಿಗಾಗಿ ಕಾಯಲಿಲ್ಲ. ಯಾವ ತಪ್ಪನ್ನೂ ಮಾಡದ ಚಿಕ್ಕ ವರ್ತಕನನ್ನೂ ಬ್ಯಾಂಕುಗಳು ಸಂಶಯದಿಂದ ನೋಡತೊಡಗಿದವು. ಮೂರು ಪೀಳಿಗೆಗಳು ಹನಿಹನಿಯಾಗಿ ಕೂಡಿಟ್ಟ ನಂಬಿಕೆ ಮೂರು ತಿಂಗಳಲ್ಲಿ ಸೋರಿತು. ಕುಟುಂಬಗಳ ವ್ಯಾಪಾರಕ್ಕೆ ಇದೇ ದೊಡ್ಡ ಅಪಾಯ: ಅಲ್ಲಿ ಒಬ್ಬನ ಹೆಸರು ಒಬ್ಬನದಲ್ಲ, ಮನೆಯದು, ಮನೆಯದು ಮಾತ್ರವಲ್ಲ, ಸಮಾಜದ್ದು.

ಇದೇ ಹೊತ್ತಿಗೆ ಬೇರೆ ಕಷ್ಟಗಳೂ ಬಂದೆರಗಿವೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ವಿಜ್ಞಾನಿಗಳು 1954ರಲ್ಲಿ ಪ್ರಯೋಗಶಾಲೆಯಲ್ಲಿ ಸೃಷ್ಟಿಸಿದ ವಜ್ರವು ಇಂದು ಆಭರಣದ ಗುಣಮಟ್ಟಕ್ಕೇರಿ, ಗಣಿಯ ವಜ್ರದ ಬೆಲೆಯನ್ನು ಕುಗ್ಗಿಸುತ್ತಿದೆ. ಅದನ್ನು ಬೆಳೆಸುವ ಯಂತ್ರಗಳು ಸೂರತ್ತಿನಲ್ಲಿಯೇ ಓಡುತ್ತಿವೆ. 2023ರ ಡಿಸೆಂಬರ್‌ನಲ್ಲಿ ಸೂರತ್ತಿನಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿದ ಕಚೇರಿಗಳುಳ್ಳ ಬೃಹತ್ತಾದ ವಜ್ರವಿನಿಮಯ ಭವನ ಉದ್ಘಾಟನೆಯಾಯಿತು. ಮರುತಿಂಗಳೇ ಶ್ರೀಮಂತ ರಾಷ್ಟ್ರಗಳು ರಷ್ಯಾದ ವಜ್ರವನ್ನು ನಿಷೇಧಿಸತೊಡಗಿದವು. 2025ರ ಆಗಸ್ಟಿನಲ್ಲಿ ಅಮೆರಿಕವು ಭಾರತದ ಸರಕುಗಳ ಮೇಲೆ ಶೇಕಡಾ 50ರ ಸುಂಕವನ್ನು ಹೇರಿತು. ತಾತಂದಿರು ಮುತ್ತಿನಲ್ಲಿ ಕಂಡುದನ್ನು ಮೊಮ್ಮಕ್ಕಳು ವಜ್ರದಲ್ಲಿ ಕಾಣುತ್ತಿದ್ದಾರೆ. ಅಂದು ದಾಟಿಸಿದುದು ಯಾವುದು? ಮುತ್ತಲ್ಲ, ಹಣವೂ ಅಲ್ಲ. ಕಣ್ಣು, ಕೈ ಮತ್ತು ಮಾತು. ಇವು ಮೂರನ್ನು ಉಳಿಸಿಕೊಂಡ ಮನೆಗಳು ಈ ಹೊಳೆಯನ್ನೂ ದಾಟಬಲ್ಲವು.

ಧರ್ಮಬಂಧುಗಳೇ, ಮೊದಲು ಎತ್ತಿದ ಮೂರನೆಯ ಪ್ರಶ್ನೆ ಇನ್ನೂ ಉಳಿದಿದೆ. ಎಲ್ಲಿ ನಿಲ್ಲಬೇಕು?

ಶ್ರಾವಕನ ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿಯೂ ತಾನು ಇಂತಿಷ್ಟೇ ದೂರ ಹೋಗುವೆನು, ಇಂತಿಷ್ಟರೊಳಗೇ ವ್ಯವಹರಿಸುವೆನು ಎಂದು ಗೃಹಸ್ಥನು ತಾನೇ ಎಲ್ಲೆ ಕಟ್ಟಿಕೊಳ್ಳುವ ವ್ರತ ಅದು. ಕಡಲು ದಾಟಬಾರದೆಂದು ಅದು ಹೇಳುವುದಿಲ್ಲ. ಎಲ್ಲೆ ಎಷ್ಟು ದೂರದ್ದೆಂಬುದನ್ನು ವ್ರತಿಕನ ವಿವೇಕಕ್ಕೆ ಬಿಟ್ಟಿದೆ. ಆದರೆ ಅದರ ಅತಿಚಾರಗಳಲ್ಲಿ ಎರಡು ಗಮನಾರ್ಹವಾಗಿವೆ. ಒಂದು ಕ್ಷೇತ್ರವೃದ್ಧಿ, ಲೋಭದಿಂದ ಎಲ್ಲೆಯನ್ನು ನಡುವೆ ಹಿಗ್ಗಿಸುವುದು. ಇನ್ನೊಂದು ಸ್ಮೃತ್ಯಂತರಾಧಾನ, ಕಟ್ಟಿಕೊಂಡ ಎಲ್ಲೆಯನ್ನೇ ಮರೆತುಬಿಡುವುದು. ಕುಟುಂಬದ ವ್ಯಾಪಾರಗಳು ಪರದೇಶಗಳಲ್ಲಿ ಬಿದ್ದ ಕಥೆಗಳನ್ನು ಪರಿಶೀಲಿಸಿದರೆ ಈ ಎರಡರಲ್ಲೊಂದು ಕಾರಣವಾಗಿ ಕಾಣುತ್ತದೆ. ಮನೆಯವನೊಬ್ಬನು ಹೋಗಿ ನೆಲೆಸಿ, ಆ ನಾಡಿನ ಮಾತು ಕಲಿತು, ಕೊಟ್ಟ ಮಾತನ್ನು ನಡೆಸಬಲ್ಲಷ್ಟು ದೂರದವರೆಗೆ ಹಬ್ಬಿದ ವ್ಯಾಪಾರ ನಿಂತಿದೆ. ಮಾತನ್ನು ನಡೆಸಲಾರದಷ್ಟು ದೂರಕ್ಕೆ, ಸಾಲದ ಬೆನ್ನೇರಿ, ಪಕ್ಕದವನ ಮೆರೆತವನ್ನು ನೋಡಿ ಹಬ್ಬಿದುದು ಬಿದ್ದಿದೆ.

ಈ ಅಳತೆಯನ್ನು ಮನೆಯಲ್ಲಿ ಸಾಧಿಸುವ ಬಗೆಯೂ ಇದೆ. ಮನೆಯ ಲೆಕ್ಕವೂ ಪೇಢಿಯ ಲೆಕ್ಕವೂ ಬೇರೆ ಬೇರೆ ಇರಬೇಕು. ಸೋದರರ ಪಾಲು, ಹೊಣೆ, ವಿಭಾಗದ ಕ್ರಮಗಳು ಪ್ರೀತಿ ಇರುವಾಗಲೇ ಬರೆಹಕ್ಕೆ ಇಳಿಯಬೇಕು. ಜಗಳವಾದ ಮೇಲೆ ಬರೆಯುವುದು ವಕೀಲರ ಕೆಲಸ. ಹೆಣ್ಣುಮಕ್ಕಳನ್ನು ಪೇಢಿಯಿಂದ ಹೊರಗಿಡುವ ರೂಢಿ ಇನ್ನು ಸಲ್ಲದು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಂತೆಯೇ ಹಕ್ಕನ್ನು ಕರ್ನಾಟಕವು 1994ರಲ್ಲಿಯೂ ಇಡೀ ದೇಶಕ್ಕೆ ಸಂಸತ್ತು 2005ರಲ್ಲಿಯೂ ಕಾನೂನಿನ ಮೂಲಕ ನೀಡಿವೆ. ತುಳುನಾಡಿನ ಜೈನ ಮನೆತನಗಳಿಗಂತೂ ಇದು ವಿಚಿತ್ರವಲ್ಲ. ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿಯು ಹೆಣ್ಣಿನ ಸಾಲಿನಲ್ಲಿಯೇ ಇಳಿದು ಬರುತ್ತಿತ್ತು. ಹಕ್ಕು ಬಂದಮೇಲೆ ವಿದ್ಯೆಯೂ ಹೊಣೆಯೂ ಬರಲಿ.

ಕನ್ನಡನಾಡಿನ ಜೈನರಲ್ಲಿ ಬಹುಮಂದಿ ಕೃಷಿಕರು. ವಜ್ರದ ಕಥೆ ತಮಗೇಕೆ ಎಂದು ಅವರು ಭಾವಿಸಬೇಕಾದುದಿಲ್ಲ. ಬೆಳಗಾವಿ ಸೀಮೆಯ ಬೆಲ್ಲವಾಗಲಿ, ಕರಾವಳಿಯ ಗೇರುಬೀಜವಾಗಲಿ, ಮಲೆನಾಡಿನ ಕಾಫಿ ಮೆಣಸುಗಳಾಗಲಿ ಕಡಲು ದಾಟಬಲ್ಲ ಸರಕುಗಳೇ. ಅಲ್ಲಿಯೂ ದೊಡ್ಡವರು ಕೈಬಿಟ್ಟ ಮೂಲೆಯೊಂದು ಇದ್ದೇ ಇರುತ್ತದೆ. ಅಲ್ಲಿಯೂ ಮೊದಲ ಮೂಟೆಯ ಹದವು ನೂರನೆಯ ಮೂಟೆಯಲ್ಲಿಯೂ ಇದ್ದರೆ ಮಾತ್ರ ಎರಡನೆಯ ಪತ್ರ ಬರುತ್ತದೆ.

ಇಂದು ಪ್ರತಿಷ್ಠೆಗೊಂಡ ಜಿನಬಿಂಬವು ಕಣ್ಣು ಅರೆಮುಚ್ಚಿ, ಕೈ ಇಳಿಬಿಟ್ಟು, ಎಲ್ಲವನ್ನೂ ತ್ಯಜಿಸಿ ನಿಂತಿದೆ. ಅದರ ಎದುರಿನಲ್ಲಿ ಕೈ ಜೋಡಿಸಿ ನಿಂತ ಶ್ರಾವಕನಿಗೆ ಎಲ್ಲವನ್ನೂ ಬಿಡಲಾಗದು. ಅದಕ್ಕೆಂದೇ ಅವನಿಗೆ ಮಹಾವ್ರತವನ್ನು ವಿಧಿಸದೆ ಅಣುವ್ರತವನ್ನು ವಿಧಿಸಿದೆ. ಅವನು ದುಡಿಯಲಿ, ಗಳಿಸಲಿ, ಕಡಲನ್ನೂ ದಾಟಲಿ. ಆದರೆ ಹೊರಡುವ ಮುನ್ನ ಈ ಬಸದಿಯ ಹೊಸಿಲಲ್ಲಿ ನಿಂತು ತನ್ನ ಎಲ್ಲೆಯನ್ನು ತಾನೇ ಗೊತ್ತುಮಾಡಿಕೊಂಡು ಹೊರಡಲಿ. ಮರಳಿ ಬಂದಾಗ ಅದೇ ಹೊಸಿಲನ್ನು ತಲೆ ತಗ್ಗಿಸದೆ ದಾಟುವಂತಿದ್ದರೆ, ಆ ವ್ಯಾಪಾರ ಗೆದ್ದಿತೆಂದು ತಿಳಿಯಬಹುದು.

ಸರ್ವರಿಗೂ ಜಯ ಜಿನೇಂದ್ರ.